ಙ ಅಕ್ಷರದಿಂದ ಶುರುವಾಗುವ ಊರು

ಮೊದಲನೇ ದಿನ

ವಿಮಾನ ಇಳಿಯಲು ಇನ್ನು ಹತ್ತು ನಿಮಿಷ ಇತ್ತು. ಅಮ್ಮ ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದಳು. ಕೆಳಗೆ ಬರೀ ಕೆಂಪು ಮಣ್ಣು. ಊರಿಲ್ಲ, ಕೆರೆಯಿಲ್ಲ, ಅಲ್ಲಲ್ಲಿ ಹುಲ್ಲಿನ ಗುಪ್ಪೆಗಳು ಮಾತ್ರ. "ನಮ್ಮ ಕಡೆ ಉತ್ತ ಹೊಲದ ಬಣ್ಣಾನೇ ಕಣೇ. ಆದ್ರೆ ಬದು ಎಲ್ಲಿ?" ಎಂದಳು. ಅಷ್ಟರಲ್ಲಿ ರೆಕ್ಕೆಯ ಆಚೆ ಅದು ಕಂಡಿತು. ಸುತ್ತ ಎಲ್ಲ ಸಪಾಟು, ನಡುವೆ ಒಂದೇ ಒಂದು ಬಂಡೆ. ಉಲುರು.

ಅಮ್ಮ ತಿಪಟೂರಿನಿಂದ ಸಿಡ್ನಿಗೆ ಬಂದು ಒಂದು ತಿಂಗಳಾಗಿತ್ತು. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವಳು, ಈಗ ನಿವೃತ್ತಿ. ಸೆಪ್ಟೆಂಬರ್ ಕೊನೆಯಲ್ಲಿ ಮಗನಿಗೆ ಶಾಲೆ ರಜೆ ಸಿಕ್ಕಿತು. ಹತ್ತು ವರ್ಷದ ಮಗ, ನನ್ನ ಗಂಡ, ನಾನು, ಅಮ್ಮ, ನಾಲ್ವರೂ ಹೊರಟೆವು. ಸಿಡ್ನಿಯಿಂದ ಮೂರೂವರೆ ಗಂಟೆಯ ಹಾರಾಟ. ಇಲ್ಲಿನ ಗಡಿಯಾರ ಸಿಡ್ನಿಗಿಂತ ಅರ್ಧ ಗಂಟೆ ಹಿಂದೆ. ಆಸ್ಟ್ರೇಲಿಯಾದ ನಟ್ಟನಡುವಿನ ಜಾಗ ಇದು. ಹತ್ತಿರದ ದೊಡ್ಡ ಊರು ಆಲಿಸ್ ಸ್ಪ್ರಿಂಗ್ಸ್, ಅದೂ ಸುಮಾರು 450 ಕಿಲೋಮೀಟರ್ ದೂರ.

ಉಳಿದುಕೊಳ್ಳಲು ಇರುವುದು ಯುಲಾರಾ ಮಾತ್ರ, ಬಂಡೆಯಿಂದ ಸುಮಾರು 20 ಕಿಲೋಮೀಟರ್. ಪ್ರವಾಸಿಗರಿಗಾಗಿಯೇ ಕಟ್ಟಿದ ಊರು. ಕ್ಯಾಬಿನ್‌ನಲ್ಲಿ ಸಾಮಾನು ಇಳಿಸಿ, ಅಮ್ಮ ತಂದಿದ್ದ ಹುರಿದ ಅವಲಕ್ಕಿ ತಿಂದು, ಸಂಜೆಗೆ ಬಂಡೆ ಇರುವ ರಾಷ್ಟ್ರೀಯ ಪಾರ್ಕಿನ ಗೇಟಿಗೆ ಹೋದೆವು. ನಾವು ಹೋದಾಗ ಮೂರು ದಿನದ ಪಾಸ್‌ಗೆ ದೊಡ್ಡವರಿಗೆ ತಲಾ 38 ಡಾಲರ್ ಇತ್ತು, ಮಕ್ಕಳಿಗೆ ಉಚಿತ. ಇದರಲ್ಲಿ ನಾಲ್ಕನೇ ಒಂದು ಭಾಗ ಈ ನೆಲದ ಒಡೆಯರಾದ ಮೂಲನಿವಾಸಿ ಅಣಂಗು ಜನರಿಗೆ ಹೋಗುತ್ತದೆ. ಅದನ್ನು ಕೇಳಿ ಅಮ್ಮನಿಗೆ ಸಮಾಧಾನವಾಯಿತು.

ಸೂರ್ಯ ಮುಳುಗುವುದನ್ನು ನೋಡಲು ಕಾರು ನಿಲ್ಲಿಸುವ ಜಾಗವೊಂದಿದೆ. ಬಂಡೆಯ ಬಣ್ಣ ಬದಲಾಗುವುದನ್ನು ಫೋಟೋಗಳಲ್ಲಿ ಬೇಕಾದಷ್ಟು ನೋಡಿದ್ದೆ. ಎದುರಿಗೆ ನಿಂತಾಗ ಬೇರೆಯೇ. ಮೊದಲು ಇಟ್ಟಿಗೆ ಬಣ್ಣ. ಆಮೇಲೆ ಒಲೆಯಲ್ಲಿ ಊದಿದ ಕೆಂಡದ ಬಣ್ಣ. ಸೂರ್ಯ ಪೂರ್ತಿ ಇಳಿದ ಮೇಲೆ ನೇರಳೆ, ಕೊನೆಗೆ ಬೂದಿ. ನಿಜ ಹೇಳಬೇಕೆಂದರೆ ಕಲ್ಲಿನ ಹುಟ್ಟು ಬಣ್ಣವೇ ಬೂದು. ಅದರಲ್ಲಿರುವ ಕಬ್ಬಿಣದ ಅಂಶ ಗಾಳಿಗೆ ತುಕ್ಕು ಹಿಡಿದು ಹೊರಮೈ ಕೆಂಪಾಗಿದೆ. ನೆಲದಿಂದ 348 ಮೀಟರ್ ಎತ್ತರ, ಸುತ್ತಳತೆ 9.4 ಕಿಲೋಮೀಟರ್.

ರಾತ್ರಿ ಅಮ್ಮ ಪಾರ್ಕಿನ ಕೈಪಿಡಿ ಹಿಡಿದು ಕೂತಳು. ಅಣಂಗು ಜನರ ಭಾಷೆಗಳಾದ ಪಿಜಂಜಜರ ಮತ್ತು ಯಂಕುಣಿಜಜರದ ಪದಗಳು ಅದರಲ್ಲಿದ್ದವು. ಕೆಲವು ಅಕ್ಷರಗಳ ಕೆಳಗೆ ಗೆರೆ. ನಾಲಿಗೆಯನ್ನು ಹಿಂದಕ್ಕೆ ಮಡಿಸಿ ಹೇಳಬೇಕು ಎಂದು ವಿವರಣೆ. ಅಮ್ಮ ಒಂದೊಂದೇ ಓದಿದಳು. "ಗೆರೆ ಎಳೆದ ಎನ್ ಅಂದ್ರೆ ಣ ಅಲ್ವಾ? ಗೆರೆ ಎಳೆದ ಟಿ ಅಂದ್ರೆ ಟ. ಅಣಂಗು. ಕತ ಜುಟ. ಮುಟಿಜುಲು. ಇದಕ್ಕೆ ಯಾಕೆ ಇಷ್ಟು ಕಷ್ಟಪಟ್ಟಿದ್ದಾರೆ, ನಮ್ಮ ಲಿಪೀಲಿ ಸುಮ್ನೆ ಬರೆಯಬಹುದಲ್ಲ!" ಇಷ್ಟು ವರ್ಷ ಈ ದೇಶದಲ್ಲಿದ್ದರೂ ನನಗೆ ಹೊಳೆಯದ ಮಾತು ಅದು. ನಾನು ಇಂಗ್ಲಿಷಿನಲ್ಲಿ ಓದುತ್ತಿದ್ದೆ, ಹಾಗಾಗಿ ತಪ್ಪಾಗಿ ಹೇಳುತ್ತಿದ್ದೆ.

ಆಮೇಲೆ ಸ್ವಾಗತದ ಸಾಲಿಗೆ ಬಂದಳು. ಪುಕುಲ್ಪ ಪಿಜಮ ಅಣಂಗುಕು ಙುರಕುತು. ಅಣಂಗು ನೆಲಕ್ಕೆ ಸಂತೋಷದಿಂದ ಬನ್ನಿ ಎಂದು ಅರ್ಥ. ಅದರೊಳಗಿನ ಪದ ಙುರ. ಮನೆ, ಬೀಡು, ತನ್ನ ಜಾಗ. ಅಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. "ಮೂವತ್ತನಾಲ್ಕು ವರ್ಷ ಮಕ್ಕಳ ಕೈಲಿ ಙ ಬರೆಸಿದ್ದೀನಿ. ಅ ಅಂದ್ರೆ ಅರಸ, ಆ ಅಂದ್ರೆ ಆನೆ. ಙ ಬಂದಾಗ ಮಕ್ಕಳು ಮುಖ ನೋಡೋವು. ಅದರಿಂದ ಶುರುವಾಗೋ ಪದ ಒಂದೂ ಕೊಡೋಕೆ ಆಗ್ತಿರಲಿಲ್ಲ." ಅವತ್ತು ರಾತ್ರಿ ಆ ಪದವನ್ನು ಎಷ್ಟು ಸಲ ಹೇಳಿಕೊಂಡಳೋ.

ಎರಡನೇ ದಿನ

ಬೆಳಿಗ್ಗೆ ಮಾಲ ವಾಕ್. ರೇಂಜರ್ ಜೊತೆ ನಡೆಯುವ ಈ ಸುತ್ತಾಟಕ್ಕೆ ದುಡ್ಡು ಕೊಡಬೇಕಿಲ್ಲ. ಹೋಗಿ ಬರಲು ಎರಡು ಕಿಲೋಮೀಟರ್, ನೆಲ ಸಮತಟ್ಟು, ಅಮ್ಮನ ಮಂಡಿಗೂ ತೊಂದರೆಯಿಲ್ಲ. ರೇಂಜರ್ "ಪಲ್ಯ!" ಎಂದು ಕರೆದರು. ಮಗ ನನ್ನ ಮುಖ ನೋಡಿದ. ಅವರ ಭಾಷೆಯಲ್ಲಿ ಪಲ್ಯ ಅಂದರೆ ಚೆನ್ನಾಗಿದೆ, ನಮಸ್ಕಾರ, ಆಯಿತು, ಹೋಗಿ ಬನ್ನಿ, ಎಲ್ಲವೂ. ಅಮ್ಮ ಗಟ್ಟಿಯಾಗಿ "ಪಲ್ಯ" ಎಂದು ಉತ್ತರ ಕೊಟ್ಟಳು. ಗುಂಪಿನಲ್ಲಿ ಅಷ್ಟು ಸ್ಪಷ್ಟವಾಗಿ ಹೇಳಿದವರು ಅವಳೊಬ್ಬಳೇ.

ಮಾಲ ಅಂದರೆ ಮೊಲದಷ್ಟು ಗಾತ್ರದ, ಕಾಂಗರೂ ಜಾತಿಯ ಪುಟ್ಟ ಪ್ರಾಣಿ. ರೇಂಜರ್ ಹೇಳಿದ ಕಥೆ ಇದು. ಆದಿಯಲ್ಲಿ ಮಾಲ ಜನ ಉತ್ತರದಿಂದ ಇಲ್ಲಿಗೆ ಬಂದರು. ಆಚರಣೆ ಶುರು ಮಾಡಿದರು. ಆಗ ಪಶ್ಚಿಮದ ವಿಂಟಲ್ಕ ಜನ ತಮ್ಮ ಆಚರಣೆಗೆ ಬನ್ನಿ ಎಂದು ಕರೆ ಕಳಿಸಿದರು. ಹಿಡಿದ ಕೆಲಸ ನಡುವೆ ಬಿಡುವ ಹಾಗಿಲ್ಲ ಎಂದು ಇವರು ಒಪ್ಪಲಿಲ್ಲ. ಸಿಟ್ಟಾದ ಅವರು ಕುರ್ಪಣಿ ಎಂಬ ದೆವ್ವದ ನಾಯಿಯನ್ನು ಸೃಷ್ಟಿಸಿ ಕಳಿಸಿದರು. ಲೂಣ್ಪ ಎಂಬ ಮಿಂಚುಳ್ಳಿ ಹೆಂಗಸು ಮುಂಚೆಯೇ ಕಂಡು ಕೂಗಿ ಎಚ್ಚರಿಸಿದಳು. ಯಾರೂ ಕಿವಿಗೊಡಲಿಲ್ಲ. ಕುರ್ಪಣಿ ಕೆಲವರನ್ನು ಕೊಂದಿತು, ಉಳಿದವರು ದಕ್ಷಿಣಕ್ಕೆ ಓಡಿದರು. ರೇಂಜರ್ ಇದನ್ನು ಹೇಳುತ್ತ ಬಂಡೆಯ ಕಡೆ ಕೈ ತೋರಿಸುತ್ತಿದ್ದರು. ಇಲ್ಲಿ ಅದರ ಹೆಜ್ಜೆ ಗುರುತು. ಇಲ್ಲಿ ನಿಂತಿದ್ದಾಳೆ ಲೂಣ್ಪ, ಈಗಲೂ ಕಾಯುತ್ತಿದ್ದಾಳೆ. ಕಥೆ ಎಲ್ಲೋ ಹಿಂದೆ ನಡೆದು ಮುಗಿದದ್ದಲ್ಲ. ಕಣ್ಣೆದುರಿಗೇ ಇದೆ. ಇದನ್ನೇ ಅವರು ಜುಕುರ್ಪ ಎನ್ನುತ್ತಾರೆ. ಸೃಷ್ಟಿಯ ಕಥೆಯೂ ಅದೇ, ಹೇಗೆ ಬಾಳಬೇಕೆಂಬ ಕಟ್ಟಳೆಯೂ ಅದೇ, ನೀರೆಲ್ಲಿದೆ ದಾರಿ ಎಲ್ಲಿದೆ ಎಂದು ತಿಳಿಸುವುದೂ ಅದೇ.

ಮಾಲ ಪ್ರಾಣಿ ಈ ಕಡೆಯ ಕಾಡುಗಳಿಂದ ಪೂರ್ತಿ ಅಳಿದುಹೋಗಿತ್ತು. 2005ರಲ್ಲಿ ಪಾರ್ಕಿನೊಳಗೆ ಬೇಲಿ ಹಾಕಿ ಮತ್ತೆ ತಂದು ಬಿಟ್ಟಿದ್ದಾರೆ.

ಬುಡದಲ್ಲಿ ಒಂದರ ಪಕ್ಕ ಒಂದು ಗವಿಗಳಿವೆ. ಹೆಂಗಸರು ಬೀಜ ಅರೆದು ಅಡುಗೆ ಮಾಡುತ್ತಿದ್ದ ಗವಿ, ಹಿರಿಯರು ಕೂರುತ್ತಿದ್ದ ಗವಿ. ಕುಲ್ಪಿ ನ್ಯೀಂಕಕು ಎಂಬ ಗವಿಯ ಮುಂದೆ ಅಮ್ಮ ತುಂಬ ಹೊತ್ತು ನಿಂತಳು. ಪ್ರಾಯಕ್ಕೆ ಬರುತ್ತಿರುವ ಹುಡುಗರನ್ನು ಕೂರಿಸಿ ಹಿರಿಯರು ಪಾಠ ಹೇಳುತ್ತಿದ್ದ ಜಾಗ ಅದು. ಗೋಡೆಯ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದರು. ಪ್ರಾಣಿಯ ಜಾಡು ಹಿಡಿಯುವುದು ಹೇಗೆ, ಯಾವ ಹೊಂಡದಲ್ಲಿ ನೀರು ನಿಲ್ಲುತ್ತದೆ. ಒಂದರ ಮೇಲೆ ಒಂದು ಬರೆದ ಚಿತ್ರಗಳು ಅಲ್ಲಿ ಇನ್ನೂ ಇವೆ. "ಕಪ್ಪು ಹಲಗೆ" ಎಂದಳು ಅಮ್ಮ. ಮಗನನ್ನು ಹತ್ತಿರ ಕರೆದು, "ನೋಡೋ, ಇದು ನಿನ್ನ ವಯಸ್ಸಿನವರ ಕ್ಲಾಸ್‌ರೂಮು" ಎಂದಳು. ಕೆಲವು ಚಿತ್ರಗಳು ಮಸುಕಾಗಿವೆ. ಹಿಂದೆ ಪ್ರವಾಸಿಗರ ಫೋಟೋ ಚೆನ್ನಾಗಿ ಬರಲಿ ಎಂದು ಗೈಡುಗಳು ಈ ಗೋಡೆಗಳಿಗೆ ನೀರು ಎರಚುತ್ತಿದ್ದರಂತೆ. ಯಾರದೋ ಶಾಲೆಯ ಹಲಗೆ ಮೇಲೆ ನೀರು. ನನಗೆ ಹೊಟ್ಟೆ ಉರಿಯಿತು.

ಪಾರ್ಕಿಂಗ್ ಹತ್ತಿರ ಬಂಡೆಯ ಏಣಿನ ಮೇಲೆ ಉದ್ದಕ್ಕೆ ಒಂದು ಬಿಳಿಚು ಗೆರೆ ಇದೆ. ಜನ ಹತ್ತಿ ಹತ್ತಿ ಕಲ್ಲು ಸವೆದ ಗುರುತು. 1964ರಲ್ಲಿ ಅಲ್ಲಿ ಸರಪಳಿ ಹಾಕಿದ್ದರು. ಹತ್ತಬೇಡಿ ಎಂದು ಅಣಂಗು ಜನ ವರ್ಷಗಟ್ಟಲೆ ಕೇಳಿಕೊಂಡರು. ಆ ದಾರಿ ಮಾಲ ಜನ ಹತ್ತಿದ ದಾರಿ. ಜೊತೆಗೆ, ತಮ್ಮ ನೆಲಕ್ಕೆ ಬಂದವರಿಗೆ ಏನಾದರೂ ಆದರೆ ಅದರ ನೋವು, ಹೊಣೆ ತಮ್ಮದು ಎಂಬ ನಂಬಿಕೆ ಅವರದು. ಇಲ್ಲಿ ಕನಿಷ್ಠ 37 ಜನ ಸತ್ತಿದ್ದಾರೆ. ಸಾಲು ಹಿಡಿದು ಹತ್ತುವವರನ್ನು ಅವರು 'ಮಿಂಗ' ಎನ್ನುತ್ತಿದ್ದರು, ಅಂದರೆ ಇರುವೆ. ಕೊನೆಗೆ 2017ರಲ್ಲಿ ಪಾರ್ಕಿನ ಆಡಳಿತ ಮಂಡಳಿ ಒಮ್ಮತದಿಂದ ತೀರ್ಮಾನ ಮಾಡಿತು. 2019ರ ಅಕ್ಟೋಬರ್ 26ರಿಂದ ಹತ್ತುವುದು ಪೂರ್ತಿ ನಿಂತಿತು.

ನನ್ನ ಗಂಡ ಆ ಗೆರೆ ನೋಡುತ್ತ ಸುಮ್ಮನೆ ನಿಂತಿದ್ದರು. ಆಮೇಲೆ ಮಗನಿಗೆ ಹೇಳಿದರು. "2009ರಲ್ಲಿ ಫ್ರೆಂಡ್ಸ್ ಜೊತೆ ಬಂದಿದ್ದೆ ಪುಟ್ಟ. ಹತ್ತಿದ್ದೆ. ಹತ್ತಬೇಡಿ ಅಂತ ಬೋರ್ಡ್ ಇತ್ತು. ಓದಿದ್ದೆ, ಆದರೂ ಹತ್ತಿದೆ." ಮಗ ಕೇಳಿದ, "ಯಾಕಪ್ಪಾ?" "ಎಲ್ಲರೂ ಹತ್ತುತ್ತಿದ್ದರು." ಇಷ್ಟು ವರ್ಷದ ಸಂಸಾರದಲ್ಲಿ ಈ ವಿಷಯ ನನಗೂ ಹೇಳಿರಲಿಲ್ಲ.

ಅಮ್ಮನನ್ನು ನೆರಳಲ್ಲಿ ಕೂರಿಸಿ ಇವರು ಜೊತೆಗಿದ್ದರು. ನಾನೂ ಮಗನೂ ಬಂಡೆಯ ಸುತ್ತ ಪೂರ್ತಿ ನಡೆದೆವು. ಹತ್ತೂವರೆ ಕಿಲೋಮೀಟರ್, ನಮಗೆ ನಾಲ್ಕು ಗಂಟೆ ಹಿಡಿಯಿತು. ನೊಣಗಳ ಕಾಟ ಜಾಸ್ತಿ. ತಲೆಗೆ ಹಾಕುವ ನೊಣದ ಬಲೆಯನ್ನು ಖಂಡಿತ ತನ್ನಿ, ತಲಾ ಮೂರು ಲೀಟರ್ ನೀರೂ ಇರಲಿ. ದೂರದಿಂದ ನುಣ್ಣಗೆ ಕಂಡ ಬಂಡೆ ಹತ್ತಿರದಲ್ಲಿ ಹಾಗಿಲ್ಲವೇ ಇಲ್ಲ. ಹಳ್ಳ, ಮಡಿಕೆ, ಪೊಟರೆ, ಜೇನು ಕೊರೆದಂತಹ ತೂತು. ಕಲ್ಲಿನ ಪದರಗಳು ಅಡ್ಡಡ್ಡ ಮಲಗಿಲ್ಲ, ನೆಟ್ಟಗೆ ನಿಂತಿವೆ. ಸುಮಾರು 55 ಕೋಟಿ ವರ್ಷದ ಹಿಂದೆ ಬೆಟ್ಟಗಳಿಂದ ಕೊಚ್ಚಿ ಬಂದ ಮರಳು ರಾಶಿ ಬಿದ್ದು ಕಲ್ಲಾಯಿತು. ಆಮೇಲೆ ಭೂಮಿ ಮಡಚಿಕೊಂಡಾಗ ಆ ಪದರಗಳು ಎದ್ದು ನಿಂತವು.

ಈಶಾನ್ಯ ಭಾಗಕ್ಕೆ ಬಂದಾಗ ಫೋಟೋ ತೆಗೆಯಬೇಡಿ ಎಂಬ ಬೋರ್ಡ್‌ಗಳು ಸಿಗುತ್ತವೆ. ಇಲ್ಲಿನ ಬಂಡೆಯ ಗುರುತುಗಳು ಪವಿತ್ರ ಗ್ರಂಥಕ್ಕೆ ಸಮ, ಅವನ್ನು ಇರುವ ಜಾಗದಲ್ಲೇ ನೋಡಬೇಕು ಎಂಬುದು ಅದರ ಸಾರ. ಸುಮಾರು ಒಂದೂವರೆ ಗಂಟೆ ಮೊಬೈಲು ಚೀಲದಲ್ಲೇ ಇತ್ತು. ಆ ಭಾಗ ನನಗೆ ಬೇರೆಲ್ಲಕ್ಕಿಂತ ಚೆನ್ನಾಗಿ ನೆನಪಿದೆ.

ದಕ್ಷಿಣದಲ್ಲಿ ಮುಟಿಜುಲು ನೀರಿನ ಮಡು. ಅಮ್ಮ, ಇವರು ಕಾರಿನಲ್ಲಿ ಬಂದು ಸೇರಿಕೊಂಡರು. ಸುತ್ತ ಮರ, ತಂಪು, ಹಕ್ಕಿಗಳು. ಇದು ಕುನಿಯ ಎಂಬ ಹೆಬ್ಬಾವು ಹೆಣ್ಣಿನ ಜಾಗ. ಮೊಟ್ಟೆಗಳನ್ನು ಕೊರಳಿಗೆ ಹಾರದಂತೆ ಹಾಕಿಕೊಂಡು ಅವಳು ಪೂರ್ವದಿಂದ ಬಂದಳು. ಅವಳ ಒಡಹುಟ್ಟಿದವರ ಮಗನನ್ನು ಲಿರು ಎಂಬ ವಿಷದ ಹಾವಿನ ಜನ ಈಟಿಯಿಂದ ಕೊಂದರು. ಅವಳು ಇಲ್ಲಿಗೆ ಬಂದು, ಮಣ್ಣನ್ನು ಎರಚುತ್ತ ಕುಣಿದು, ಸಿಟ್ಟು ಸುತ್ತಲಿನವರಿಗೆ ತಟ್ಟದಂತೆ ಹಿಡಿದಿಟ್ಟುಕೊಂಡಳು. ಆಮೇಲೆ ಅಣಕಿಸುತ್ತಿದ್ದ ಲಿರು ಯೋಧನ ತಲೆಗೆ ಎರಡು ಏಟು ಕೊಟ್ಟಳು. ಬಂಡೆಯ ಮೇಲೆ ಎರಡು ಬಿರುಕು, ಒಂದು ಚಿಕ್ಕದು, ಒಂದು ಆಳವಾದದ್ದು. ಹಾವು ಹರಿದ ಹಾಗೆ ಕಪ್ಪು ಗೆರೆಯೂ ಇದೆ. ಅಮ್ಮ ಬೆರಳಿನಿಂದ ಗಾಳಿಯಲ್ಲೇ ಆ ಗೆರೆಯನ್ನು ತಿದ್ದಿದಳು, ಅಕ್ಷರ ತಿದ್ದಿಸುವಾಗ ಮಾಡುತ್ತಿದ್ದ ಹಾಗೆ. "ಬಂಡೆಯೇ ಪುಸ್ತಕ. ಓದೋಕೆ ಕಲಿತವರು ಓದ್ತಾರೆ" ಎಂದಳು.

ಮಧ್ಯಾಹ್ನ ಸಾಂಸ್ಕೃತಿಕ ಕೇಂದ್ರ. ಹಸಿ ಇಟ್ಟಿಗೆಯ ಈ ಕಟ್ಟಡ ಕುನಿಯ ಮತ್ತು ಲಿರು ಎಂಬ ಎರಡು ಹಾವುಗಳ ಆಕಾರದಲ್ಲಿದೆ, 1995ರಲ್ಲಿ ತೆರೆದದ್ದು. ಚರಿತ್ರೆಯ ಭಾಗ ಇಲ್ಲಿ ಓದಲೇಬೇಕು. 1873ರಲ್ಲಿ ವಿಲಿಯಂ ಗಾಸ್ ಎಂಬ ಸರ್ವೇಯರ್ ಇಲ್ಲಿಗೆ ಬಂದು, ದಕ್ಷಿಣ ಆಸ್ಟ್ರೇಲಿಯಾದ ರಾಜಕಾರಣಿ ಹೆನ್ರಿ ಏಯರ್ಸ್ ಹೆಸರನ್ನು ಬಂಡೆಗೆ ಇಟ್ಟ. ಅವನ ಜೊತೆ ಬಂಡೆ ಹತ್ತಿದ್ದು ಕಮ್ರಾನ್ ಎಂಬ ಒಂಟೆ ಸಾಕುವವನು. ಸಾವಿರಾರು ವರ್ಷದಿಂದ ಹೆಸರಿದ್ದ ಬಂಡೆಗೆ ಮತ್ತೊಂದು ಹೆಸರು ಬಿತ್ತು. 1985ರ ಅಕ್ಟೋಬರ್ 26ರಂದು ನೆಲದ ಹಕ್ಕುಪತ್ರ ಅಣಂಗು ಜನರ ಕೈ ಸೇರಿತು. ಅವರು ಅದನ್ನು ಅಂದೇ 99 ವರ್ಷಕ್ಕೆ ರಾಷ್ಟ್ರೀಯ ಉದ್ಯಾನಕ್ಕೆ ಗುತ್ತಿಗೆ ಕೊಟ್ಟರು. ಹತ್ತುವುದನ್ನು ನಿಲ್ಲಿಸಲು ಆರಿಸಿಕೊಂಡದ್ದೂ ಅದೇ ತಾರೀಖು.

ಅಲ್ಲೇ 'ಸಾರಿ ಬುಕ್' ಇದೆ. ಇಲ್ಲಿಂದ ಕಲ್ಲು, ಮಣ್ಣು ಒಯ್ದವರು ಕ್ಷಮೆ ಕೇಳಿ, ಎಷ್ಟೋ ವರ್ಷದ ಮೇಲೆ ಅಂಚೆಯಲ್ಲಿ ವಾಪಸು ಕಳಿಸಿದ ಪತ್ರಗಳು. ಮಗ ಮೂರು ಪತ್ರ ಓದಿ ಜೇಬಿಗೆ ಕೈ ಹಾಕಿದ. ಕಡಲೆಕಾಳಿನಷ್ಟು ಕೆಂಪು ಕಲ್ಲು. ಯಾರೂ ಏನೂ ಅನ್ನಲಿಲ್ಲ. ಕಾರು ತಿರುಗಿಸಿ ಎತ್ತಿಕೊಂಡ ಜಾಗಕ್ಕೆ ಹೋದೆವು.

ಮೂರನೇ ದಿನ

ಬೆಳಗಿನ ಜಾವ ಐದು ಗಂಟೆ ಆಗಿರಲಿಲ್ಲ. ಕ್ಯಾಬಿನ್ ಹೊರಗೆ ಚಳಿ. ತಲೆ ಎತ್ತಿದರೆ ಅಷ್ಟು ನಕ್ಷತ್ರ ಇವೆಯೆಂದು ಸಿಡ್ನಿಯಲ್ಲಿ ಮರೆತೇಹೋಗಿರುತ್ತದೆ. ಅಮ್ಮ ಕೃತ್ತಿಕೆಯನ್ನು ಹುಡುಕಿ ಮಗನಿಗೆ ತೋರಿಸಿದಳು. ಹಿಂದಿನ ದಿನ ಓದಿದ್ದು ನನಗೆ ನೆನಪಿತ್ತು. ಇಲ್ಲಿ ಅವರು ಕುಂಗ್ಕರಂಗ್ಕಲ್ಪ, ಏಳು ಅಕ್ಕತಂಗಿಯರು. ಬೆನ್ನಟ್ಟಿ ಬರುವ ನ್ಯಿರು ಎಂಬ ಗಂಡಸಿನಿಂದ ತಪ್ಪಿಸಿಕೊಂಡು ಮರುಭೂಮಿಯುದ್ದಕ್ಕೂ ಓಡಿ, ಕೊನೆಗೆ ಆಕಾಶ ಸೇರಿದವರು. ಅವನೂ ಹಿಂದೆಯೇ ಇದ್ದಾನೆ, ಓರಿಯಾನ್ ನಕ್ಷತ್ರಪುಂಜವಾಗಿ. "ಇನ್ನೂ ಓಡ್ತಾನೇ ಇದ್ದಾರೆ ಪಾಪ" ಎಂದಳು ಅಮ್ಮ.

ಕತ ಜುಟ ಯುಲಾರಾದಿಂದ ಸುಮಾರು 50 ಕಿಲೋಮೀಟರ್. ಕತ ಅಂದರೆ ತಲೆ, ಜುಟ ಅಂದರೆ ಬಹಳ. ಹೆಸರಿಗೆ ತಕ್ಕಂತೆ 36 ಗುಮ್ಮಟಗಳು ಒತ್ತೊತ್ತಾಗಿ ನಿಂತಿವೆ. ಎಲ್ಲಕ್ಕೂ ದೊಡ್ಡದು 546 ಮೀಟರ್, ಉಲುರುಗಿಂತ ಎಷ್ಟೋ ಎತ್ತರ. ಕಲ್ಲೂ ಬೇರೆ. ಉಲುರು ಮರಳುಗಲ್ಲು. ಇಲ್ಲಿ ಮುಷ್ಟಿ ಗಾತ್ರದಿಂದ ಮೇಜಿನ ಗಾತ್ರದವರೆಗಿನ ಗುಂಡುಗಳನ್ನು ಕೆಸರಿನಲ್ಲಿ ಕಲಸಿ ಎರಕ ಹೊಯ್ದ ಹಾಗಿದೆ.

ವ್ಯಾಲಿ ಆಫ್ ದಿ ವಿಂಡ್ಸ್ ದಾರಿ 7.4 ಕಿಲೋಮೀಟರ್. ಮುನ್ಸೂಚನೆಯಲ್ಲಿ 36 ಡಿಗ್ರಿ ಇದ್ದರೆ ಬೆಳಿಗ್ಗೆ 11ಕ್ಕೆ ಮೊದಲ ನೋಟದ ಜಾಗದಿಂದಾಚೆ ಮುಚ್ಚುತ್ತಾರೆ, ಹಾಗಾಗಿ ಬೇಗ ಹೊರಡಬೇಕು. ಅಮ್ಮ ಮೊದಲ ನೋಟವಾದ ಕರು ತನಕ ಬಂದಳು. ಮುಂದೆ ನಾವು ಮೂವರೇ. ಎರಡು ಗುಮ್ಮಟಗಳ ಸಂದಿಯಲ್ಲಿ ಹತ್ತಿ ಕರಿಂಗನ ನೋಟಕ್ಕೆ ಬಂದಾಗ ಗಾಳಿ ಎದೆಗೆ ಗುದ್ದಿತು. ಆಚೆ ಹಸಿರು ಕಣಿವೆ. ಮಗ ಕೂಡ ಪಿಸುಮಾತಿನಲ್ಲೇ ಮಾತಾಡಿದ.

ಇಲ್ಲಿ ಕಥೆಯ ಬೋರ್ಡ್ ಒಂದೂ ಇಲ್ಲ. ಕತ ಜುಟದ ಜುಕುರ್ಪ ಗಂಡಸರಿಗೆ, ಅದರಲ್ಲೂ ದೀಕ್ಷೆಯಾದವರಿಗೆ ಮಾತ್ರ. ಹೊರಗಿನವರಿಗೆ ಹೇಳುವುದಿಲ್ಲ. ಉಲುರುವಿನಲ್ಲಿ ನಮಗೆ ಹೇಳಿದ್ದೂ ಅಣಂಗು ಮಕ್ಕಳಿಗೆ ಹೇಳುವಷ್ಟೇ. ಕೆಳಗೆ ಬಂದು ಅಮ್ಮನಿಗೆ ಇದನ್ನು ಹೇಳಿ, "ಒಂದು ಥರ ನಿರಾಸೆ ಆಯ್ತಮ್ಮ" ಎಂದೆ. ಮರದ ನೆರಳಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದವಳು ತಲೆ ಎತ್ತಿದಳು. "ಒಂದನೇ ಕ್ಲಾಸಿನ ಮಗೂಗೆ ಏಳನೇ ಕ್ಲಾಸಿನ ಪಾಠ ಹೇಳ್ತಾರೇನೇ? ನೀನು ಬಂದಿದ್ದೇ ಮೊನ್ನೆ."

ಆ ಮರದ ಬಗ್ಗೆ ಹೇಳಬೇಕು. ಮರುಭೂಮಿಯ ಓಕ್, ಅವರ ಮಾತಿನಲ್ಲಿ ಕುರ್ಕರ. ಎಳೆ ಮರಗಳು ಸಣ್ಣ ಕಂಬದ ಹಾಗೆ, ಮೈಗೆ ಕೂದಲು ಅಂಟಿಸಿಕೊಂಡು ನೆಟ್ಟಗೆ ನಿಂತಿರುತ್ತವೆ. ವರ್ಷಗಟ್ಟಲೆ ಹಾಗೇ. ಬೇರು ಆಳದ ನೀರು ಮುಟ್ಟಿದ ಮೇಲೆಯೇ ಕೊಂಬೆ ಚಾಚಿ ನೆರಳು ಕೊಡುತ್ತವೆ. ಗಾಳಿ ಬೀಸಿದರೆ ದೂರದಲ್ಲಿ ಮಳೆ ಬಂದಂತೆ ಸದ್ದು.

ನಾಲ್ಕನೇ ದಿನ

ಮಧ್ಯಾಹ್ನ ವಿಮಾನ. ಬೆಳಿಗ್ಗೆ ಯುಲಾರಾದಲ್ಲಿ ಅಣಂಗು ಕಲಾವಿದೆಯೊಬ್ಬರು ಚುಕ್ಕಿ ಚಿತ್ರ ಕಲಿಸುವ ಕಡೆ ಹೋದೆವು. ಅವರು ತಮ್ಮ ಭಾಷೆಯಲ್ಲೇ ಮಾತಾಡುತ್ತಾರೆ, ಪಕ್ಕದಲ್ಲಿ ಇಂಗ್ಲಿಷಿಗೆ ಹೇಳುವವರು ಇರುತ್ತಾರೆ. ಮೊದಲು ಮರಳಿನ ಮೇಲೆ ಬೆರಳಲ್ಲಿ ಬರೆದು ತೋರಿಸಿದರು. ಒಂದರೊಳಗೊಂದು ಸುತ್ತು ಎಂದರೆ ನೀರಿನ ಜಾಗ ಅಥವಾ ಬೀಡು. ಕುದುರೆ ಲಾಳದಂತಹ ಗುರುತು ಎಂದರೆ ಕೂತ ಮನುಷ್ಯ. ಪಕ್ಕದಲ್ಲಿ ಅಗೆಯುವ ಕೋಲು, ಮರದ ಬೋಗುಣಿ ಇದ್ದರೆ ಹೆಂಗಸು. ಈಟಿ ಇದ್ದರೆ ಗಂಡಸು. "ಲಾಳ ಯಾಕೆ?" ಎಂದು ಮಗ ಕೇಳುವಷ್ಟರಲ್ಲಿ ಅಮ್ಮ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತು, ನನ್ನ ಕೈ ಹಿಡಿದು ಎದ್ದು, ಮರಳಿನ ಮೇಲೆ ಉಳಿದ ಗುರುತು ತೋರಿಸಿದಳು. ಕಲಾವಿದೆ ಚಪ್ಪಾಳೆ ತಟ್ಟಿದರು.

ಒಂದು ಕಥೆ ಮುಗಿದರೆ ಅಂಗೈಯಿಂದ ಮರಳು ಸವರಿ ಮತ್ತೊಂದು ಶುರು. ಅಮ್ಮ ಅದನ್ನೇ ನೋಡುತ್ತಿದ್ದಳು. ಕೊನೆಗೆ ನನ್ನನ್ನು ತಿವಿದು, "ಒಂದು ಬರೀಲಾ ಅಂತ ಕೇಳೇ" ಎಂದಳು. ಅವರು ಜಾಗ ಬಿಟ್ಟರು. ಅಮ್ಮ ದೊಡ್ಡದಾಗಿ, ನಿಧಾನವಾಗಿ ಙ ಬರೆದಳು. "ಇದು ನಮ್ಮ ಅಕ್ಷರ. ನಿಮ್ಮ ಙುರ ಇದರಿಂದ ಶುರುವಾಗುತ್ತೆ ಅಂತ ಹೇಳು." ನಾನು ಇಂಗ್ಲಿಷಿನಲ್ಲಿ ಹೇಳಿದೆ, ಅನುವಾದ ಮಾಡುವವರು ಪಿಜಂಜಜರದಲ್ಲಿ ಹೇಳಿದರು. ಕಲಾವಿದೆ ಅಕ್ಷರದ ಮೇಲೆ ಬಗ್ಗಿ, "ಙುರ" ಎಂದರು. ಅಮ್ಮ "ಙುರ" ಎಂದಳು. ಅವರು ಅಮ್ಮನ ಮುಖ ನೋಡಿ ಇನ್ನೊಮ್ಮೆ ಹೇಳಿಸಿದರು. ಆಮೇಲೆ "ಪಲ್ಯ" ಎಂದು ನಕ್ಕರು. ಆ ಮರಳನ್ನು ಮಾತ್ರ ತಕ್ಷಣ ಸವರಲಿಲ್ಲ. ಪಕ್ಕಕ್ಕೆ ಸರಿದು ಮುಂದಿನ ಕಥೆ ಬರೆದರು.

ವಿಮಾನ ನಿಲ್ದಾಣದಲ್ಲಿ ಅಮ್ಮನ ಸೀರೆ ಅಂಚು ಕೆಂಪಾಗಿತ್ತು. ಕೂತ ತಕ್ಷಣ ತಿಪಟೂರಿಗೆ ಫೋನ್ ಮಾಡಿಸಿದಳು, ಜೊತೆಯಲ್ಲಿ ಕೆಲಸ ಮಾಡಿದ್ದ ಟೀಚರಿಗೆ. ಅಲ್ಲಿ ಇನ್ನೂ ಬೆಳಗಿನ ತಿಂಡಿ ಹೊತ್ತು. ಬಂಡೆ ಎಷ್ಟು ದೊಡ್ಡದು, ಬಿಸಿಲು ಹೇಗಿದೆ ಎಂದು ಅವರು ಕೇಳುತ್ತಿದ್ದುದು ನನಗೂ ಕೇಳಿಸುತ್ತಿತ್ತು. ಅಮ್ಮ ಅದು ಯಾವುದಕ್ಕೂ ಉತ್ತರ ಕೊಡಲಿಲ್ಲ. "ಅದೆಲ್ಲ ಆಮೇಲೆ ಹೇಳ್ತೀನಿ ಇರ್ರೀ. ಪೆನ್ನು ತಗೊಳ್ರಿ. ಙ ಇಂದ ಒಂದು ಪದ ಸಿಕ್ಕಿದೆ."